ತಮ್ಮೂರಿನ ದನಿಯಲ್ಲೇ ಹಾಡಿದ ಡೊಲೊರೆಸ್



ಬೇಸಿಗೆ ರಜೆ ಮುಗಿಸಿ ಊರಿನಿಂದ ಬಂದ ನಮ್ಮ ಕನ್ನಡ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ, "ಟೀಚರ್, ಊರಲ್ಲಿ ನಾನು ಕನ್ನಡ ಮಾತಾಡಿದ್ರೆ ಅಣ್ಣಂದಿರೆಲ್ಲ ನಗ್ತಾರೆ. ಇಲ್ಲಿ ಇಂಗ್ಲಿಷ್ ಮಾತಾಡಿದ್ರೂ ಕೆಲವರು ನಗ್ತಾರೆ. ಅದಕ್ಕೇ ನಾನು ಸುಮ್ಮನೆ ಇದ್ದುಬಿಡ್ತೀನಿ" ಎಂದಳು. ಆ ಕ್ಷಣದಲ್ಲಿ ಅವಳಿಗೆ ಏನು ಉತ್ತರ ಹೇಳಬೇಕೆಂದು ನನಗೆ ತೋಚಲಿಲ್ಲ. ಮನೆಗೆ ಬಂದು ಯೋಚಿಸುತ್ತಿದ್ದಾಗ ಐರ್ಲೆಂಡಿನ ಒಬ್ಬ ಗಾಯಕಿಯ ನೆನಪಾಯಿತು. ಮೊದಮೊದಲು ನಾಚಿಕೆಯಿಂದ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತು ಹಾಡುತ್ತಿದ್ದ ಆ ಹಳ್ಳಿಯ ಹುಡುಗಿ, ಕೆಲವೇ ವರ್ಷಗಳಲ್ಲಿ ತನ್ನೂರಿನ ಉಚ್ಚಾರಣೆಯನ್ನು ಸ್ವಲ್ಪವೂ ಬದಲಾಯಿಸದೆ ಇಡೀ ಜಗತ್ತಿಗೆ ಕೇಳುವಂತೆ ಹಾಡಿದಳು. ಅವರೇ 'ಕ್ರ್ಯಾನ್‌ಬೆರೀಸ್' ತಂಡದ ಡೊಲೊರೆಸ್ ಓರಿಯರ್ಡನ್. ಇಂದಿನ ಪಾಠ ಅವರ ಬಗ್ಗೆ.

ಬಾಲ್ಯ

ಡೊಲೊರೆಸ್ ಹುಟ್ಟಿದ್ದು 1971ರ ಸೆಪ್ಟೆಂಬರ್ 6ರಂದು, ಐರ್ಲೆಂಡಿನ ಲಿಮೆರಿಕ್ ಜಿಲ್ಲೆಯ ಬ್ಯಾಲಿಬ್ರಿಕನ್ ಎಂಬ ಹಳ್ಳಿಯಲ್ಲಿ. ಒಂಬತ್ತು ಮಕ್ಕಳಲ್ಲಿ ಅವರೇ ಕೊನೆಯವರು. ಅವರಲ್ಲಿ ಇಬ್ಬರು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡಿದ್ದರು. ತಂದೆ ಕೃಷಿ ಕೂಲಿ. 1968ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಅವರ ತಲೆಗೆ ಪೆಟ್ಟು ಬಿದ್ದು, ಮುಂದೆ ದುಡಿಯಲಾಗಲಿಲ್ಲ. ತಾಯಿ ಶಾಲೆಯಲ್ಲಿ ಅಡುಗೆ ಕೆಲಸ ಮಾಡಿ ಸಂಸಾರ ಸಾಗಿಸಿದರು. ಬಡತನವಿದ್ದರೂ ಮನೆಯಲ್ಲಿ ಹಾಡಿಗೆ ಕೊರತೆ ಇರಲಿಲ್ಲ. ಡೊಲೊರೆಸ್ ಚಿಕ್ಕವರಾಗಿದ್ದಾಗಲೇ ಪಿಯಾನೊ ಕಲಿತರು, ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸಿದರು, ಹಳೆಯ ಐರಿಷ್ ಹಾಡುಗಳನ್ನು ಹಾಡಿದರು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಐರ್ಲೆಂಡಿಗೆ ತನ್ನದೇ ಆದ ಐರಿಷ್ ಭಾಷೆ ಇದೆ. ಶತಮಾನಗಳ ಬ್ರಿಟಿಷ್ ಆಳ್ವಿಕೆಯಲ್ಲಿ ಅದು ಹಿಂದೆ ಸರಿಯಿತು. 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬಂದ ಮಹಾ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಸುಮಾರು 10 ಲಕ್ಷ ಜನ ಹಡಗು ಹತ್ತಿ ಅಮೆರಿಕ ಮುಂತಾದ ಕಡೆಗೆ ಹೊರಟುಹೋದರು. ಹೋದವರಲ್ಲಿ, ಸತ್ತವರಲ್ಲಿ ಐರಿಷ್ ಮಾತಾಡುವ ಬಡವರೇ ಹೆಚ್ಚು. ಹೀಗಾಗಿ ಇಂದು ಹೆಚ್ಚಿನ ಐರಿಷ್ ಜನರ ಮನೆಮಾತು ಇಂಗ್ಲಿಷ್. ಆದರೆ ಆ ಇಂಗ್ಲಿಷಿನ ರಾಗ, ಏರಿಳಿತ ಲಂಡನ್ನಿನದ್ದಲ್ಲ, ಐರ್ಲೆಂಡಿನದ್ದು. ಊರು ಬಿಟ್ಟು ಬಂದು ಭಾಷೆ ಉಳಿಸಿಕೊಳ್ಳಲು ಹೆಣಗುವ ನಮಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ.

ಆಲ್ಟರ್ನೇಟಿವ್ ರಾಕ್ ಎಂದರೇನು?

ಗಿಟಾರ್, ಬೇಸ್ ಗಿಟಾರ್ ಮತ್ತು ಡ್ರಮ್ಸ್ ಆಧಾರವಾಗಿರುವ ಸಂಗೀತಕ್ಕೆ ರಾಕ್ ಎನ್ನುತ್ತಾರೆ. 1980ರ ದಶಕದಲ್ಲಿ ದೊಡ್ಡ ಕಂಪನಿಗಳ, ಥಳಕಿನ ಉಡುಪುಗಳ ಸಂಗೀತಕ್ಕೆ ಬೇರೆಯಾಗಿ, ಸಣ್ಣ ರೆಕಾರ್ಡ್ ಕಂಪನಿಗಳ ಮತ್ತು ಕಾಲೇಜು ರೇಡಿಯೋಗಳ ಮೂಲಕ ಒಂದು ಹೊಸ ಧಾರೆ ಹರಿಯತೊಡಗಿತು. ಅದೇ ಆಲ್ಟರ್ನೇಟಿವ್ ರಾಕ್. 'ಆಲ್ಟರ್ನೇಟಿವ್' ಎಂದರೆ ಪರ್ಯಾಯ, ಬೇರೆಯ ದಾರಿ. ಅಮೆರಿಕದ ಆರ್.ಇ.ಎಂ., ಇಂಗ್ಲೆಂಡಿನ ದ ಸ್ಮಿತ್ಸ್ ಈ ದಾರಿಯ ಹಿರಿಯರು. 1991ರಲ್ಲಿ ನಿರ್ವಾಣ ತಂಡದ 'ನೆವರ್‌ಮೈಂಡ್' ಆಲ್ಬಂ ಬಂದ ಮೇಲೆ ಈ ಧಾರೆ ಮನೆಮನೆಗೂ ತಲುಪಿತು. ಸಾಮಾನ್ಯ ಬಟ್ಟೆ, ಸಾಮಾನ್ಯ ಮುಖ, ಮನಸ್ಸಿನ ನೋವನ್ನು ಮುಚ್ಚಿಡದ ಮಾತು ಇದರ ಗುರುತು.

ಒಂದು ಕ್ಯಾಸೆಟ್, ಒಂದು ಹಾಡು

1989ರಲ್ಲಿ ಲಿಮೆರಿಕ್ ನಗರದಲ್ಲಿ ನೋಯೆಲ್ ಹೋಗನ್, ಮೈಕ್ ಹೋಗನ್ ಎಂಬ ಅಣ್ಣತಮ್ಮಂದಿರು ಮತ್ತು ಡ್ರಮ್ಸ್ ನುಡಿಸುವ ಫರ್ಗಲ್ ಲಾಲರ್ ಸೇರಿ ಒಂದು ತಂಡ ಕಟ್ಟಿದ್ದರು. ಮರುವರ್ಷ ಅವರ ಗಾಯಕ ತಂಡ ಬಿಟ್ಟಾಗ ಹೊಸ ದನಿಗಾಗಿ ಹುಡುಕಾಡಿದರು. ಹಳ್ಳಿಯಿಂದ ಬಂದ ಡೊಲೊರೆಸ್ ಹಾಡಿ ತೋರಿಸಿದರು. ಅವರು ಹೊರಡುವಾಗ ತಂಡದವರು ಬರೀ ವಾದ್ಯಸಂಗೀತವಿದ್ದ ಒಂದು ಕ್ಯಾಸೆಟ್ ಕೊಟ್ಟು, "ಇದಕ್ಕೆ ಮಾತು ಕೂಡಿಸಲು ಆಗುತ್ತದೆಯೇ ನೋಡು" ಎಂದರಂತೆ. ಕೆಲವೇ ದಿನಗಳಲ್ಲಿ ಡೊಲೊರೆಸ್ ಮಾತು, ರಾಗ ಎರಡನ್ನೂ ಜೋಡಿಸಿಕೊಂಡು ಬಂದರು. ಅದೇ ಮುಂದೆ 'ಲಿಂಗರ್' ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾದ ಹಾಡು. ಆಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

1993ರ ಮಾರ್ಚ್‌ನಲ್ಲಿ ಅವರ ಮೊದಲ ಆಲ್ಬಂ ಬಿಡುಗಡೆಯಾಯಿತು. ಮೊದಲು ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಬೇರೆ ತಂಡಗಳ ಜೊತೆ ಪ್ರವಾಸ ಮಾಡುತ್ತಿದ್ದಾಗ ಅಲ್ಲಿನ ಎಂಟಿವಿ ವಾಹಿನಿಯಲ್ಲಿ 'ಲಿಂಗರ್' ಮತ್ತೆ ಮತ್ತೆ ಪ್ರಸಾರವಾಗಿ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು. ಅಮೆರಿಕದವರು ಮೆಚ್ಚಿದ ಮೇಲೆ ಪಕ್ಕದ ಬ್ರಿಟನ್ನಿಗೂ ಅದು ಕೇಳಿಸಿತು! 1994ರಲ್ಲಿ ಅದೇ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು.

ದನಿಯ ಗುಟ್ಟು

ಆ ಕಾಲದಲ್ಲಿ ಯಾವ ದೇಶದವರೇ ಆಗಲಿ, ಪಾಪ್ ಅಥವಾ ರಾಕ್ ಹಾಡುವಾಗ ಅಮೆರಿಕದವರಂತೆ ಉಚ್ಚರಿಸುವುದು ರೂಢಿಯಾಗಿತ್ತು. ಡೊಲೊರೆಸ್ ಮಾತ್ರ ಲಿಮೆರಿಕ್ ಹಳ್ಳಿಯಲ್ಲಿ ಅವ್ವನ ಜೊತೆ ಮಾತಾಡುವ ಹಾಗೆಯೇ ಹಾಡಿದರು. ಅಲ್ಲದೆ ಅವರ ದನಿ ಎದೆಯಿಂದ ಒಮ್ಮೆಲೇ ಮೇಲಿನ ಸ್ವರಕ್ಕೆ ಜಿಗಿದು, ಅಲ್ಲೊಂದು ಬಿರುಕು ಬಿಟ್ಟು, ಮತ್ತೆ ಕೆಳಗಿಳಿಯುತ್ತದೆ. ಇದಕ್ಕೆ ಯೋಡ್ಲಿಂಗ್ ಎನ್ನುತ್ತಾರೆ. ಸತ್ತವರ ಮುಂದೆ ಹೆಂಗಸರು ಸ್ವರವೆತ್ತಿ ಹಾಡಿಕೊಂಡು ಅಳುವ ಪದ್ಧತಿ ಐರ್ಲೆಂಡಿನಲ್ಲಿತ್ತು. ಅದಕ್ಕೆ ಕೀನಿಂಗ್ ಎಂದು ಹೆಸರು. ನಮ್ಮ ಹಳ್ಳಿಗಳಲ್ಲೂ ಅಜ್ಜಿಯರು ಹೀಗೆ ಹಾಡಿಕೊಂಡು ಅಳುವುದನ್ನು ನಿಮ್ಮ ತಂದೆ ತಾಯಿ ಕೇಳಿರಬಹುದು. ಡೊಲೊರೆಸ್ ದನಿಯಲ್ಲಿ ಕೇಳುಗರು ಗುರುತಿಸಿದ್ದು ಆ ಅಳುವಿನ ನೆರಳನ್ನೇ. ಗಿಟಾರ್ ಎಲ್ಲರ ಬಳಿಯೂ ಇತ್ತು. ಆ ದನಿ ಇದ್ದದ್ದು ಅವರೊಬ್ಬರ ಬಳಿ.

'ಝಾಂಬಿ': ಸಿಟ್ಟಿನ ಹಾಡು

1993ರ ಮಾರ್ಚ್ 20, ಶನಿವಾರ. ಮರುದಿನ ಬ್ರಿಟನ್ನಿನಲ್ಲಿ ತಾಯಂದಿರ ದಿನ. ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದ ಅಂಗಡಿ ಬೀದಿಯಲ್ಲಿ ಜನ ತುಂಬಿದ್ದರು. ಕಸದ ತೊಟ್ಟಿಗಳಲ್ಲಿ ಇಟ್ಟಿದ್ದ ಎರಡು ಬಾಂಬುಗಳು ಸಿಡಿದವು. 3 ವರ್ಷದ ಮಗು ಸ್ಥಳದಲ್ಲೇ ಸತ್ತಿತು. 12 ವರ್ಷದ ಬಾಲಕ ಐದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಬಾಂಬ್ ಇಟ್ಟವರು ಐ.ಆರ್.ಎ. ಎಂಬ ಐರಿಷ್ ಸಶಸ್ತ್ರ ಸಂಘಟನೆಯವರು.

ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರಬೇಕೋ, ಐರ್ಲೆಂಡಿಗೆ ಸೇರಬೇಕೋ ಎಂಬ ಜಗಳ 1960ರ ದಶಕದ ಕೊನೆಯಿಂದ 1998ರವರೆಗೆ ರಕ್ತಪಾತವಾಗಿ ನಡೆದು, 3,500ಕ್ಕೂ ಹೆಚ್ಚು ಜನ ಸತ್ತರು. ವಾರಿಂಗ್ಟನ್ನಿನಲ್ಲಿ ಮಕ್ಕಳು ಸತ್ತಾಗ ಕ್ರ್ಯಾನ್‌ಬೆರೀಸ್ ತಂಡ ಇಂಗ್ಲೆಂಡಿನ ಪ್ರವಾಸದಲ್ಲಿತ್ತು. ಆ ತಾಯಂದಿರ ದುಃಖ ಡೊಲೊರೆಸ್ ಮನಸ್ಸಿಗೆ ನಾಟಿತು. ಐರ್ಲೆಂಡಿನ ಹೆಸರಿನಲ್ಲಿ ಇದನ್ನು ಮಾಡಿದವರು ತನ್ನ ಪರವಾಗಿ ಮಾಡಿಲ್ಲ ಎಂದು ಹೇಳಬೇಕೆನಿಸಿತು. 'ಝಾಂಬಿ' ಹಾಡನ್ನು ಅವರೊಬ್ಬರೇ ಬರೆದರು. ಝಾಂಬಿ ಎಂದರೆ ಸತ್ತ ಮೇಲೂ ನಡೆದಾಡುವ, ವಿವೇಕವಿಲ್ಲದ ಹೆಣ. ಹಳೆಯ ದ್ವೇಷವನ್ನೇ ಯೋಚಿಸದೆ ಹೊತ್ತು ನಡೆಯುವವರು ಹಾಗೆಯೇ ಎಂಬುದು ಹಾಡಿನ ತಾತ್ಪರ್ಯ.

ಗಿಟಾರ್ ಕಲಿಯುವ ಮಕ್ಕಳಿಗೆ ಒಂದು ಮಾತು. ಈ ಹಾಡಿನಲ್ಲಿರುವುದು ಬಹುಮಟ್ಟಿಗೆ ನಾಲ್ಕೇ ಕಾರ್ಡ್‌ಗಳು: ಇ ಮೈನರ್, ಸಿ, ಜಿ, ಡಿ. ಅವೇ ಮೊದಲಿನಿಂದ ಕೊನೆಯವರೆಗೆ ಸುತ್ತುತ್ತವೆ. ಹಾಡು ಮೆಲ್ಲಗೆ ಮಾತಾಡಿ, ಪಲ್ಲವಿಗೆ ಬಂದಾಗ ಗುಡುಗುತ್ತದೆ. ದುಃಖವು ಸಿಟ್ಟಾಗುವುದನ್ನು ಆ ಬದಲಾವಣೆಯಲ್ಲೇ ಕೇಳಬಹುದು.

1994ರ ಸೆಪ್ಟೆಂಬರ್‌ನಲ್ಲಿ ಹಾಡು ಹೊರಬಂತು. 1995ರಲ್ಲಿ ಎಂಟಿವಿ ಯೂರೋಪಿನ ಅತ್ಯುತ್ತಮ ಹಾಡಿನ ಪ್ರಶಸ್ತಿ ಪಡೆಯಿತು. ಆದರೆ ಎಲ್ಲರೂ ಮೆಚ್ಚಲಿಲ್ಲ. ಐರಿಷ್ ಜನರೂ ಗುಂಡಿಗೆ ಬಲಿಯಾಗಿದ್ದಾರಲ್ಲ, ಅವರ ನೋವು ಈ ಹಾಡಿನಲ್ಲಿಲ್ಲ ಎಂದು ಕೆಲವರು ಬೇಸರಪಟ್ಟರು. ಈ ಆಕ್ಷೇಪವನ್ನೂ ನಾವು ಗೌರವದಿಂದ ಕೇಳಬೇಕು. ಆದರೂ ಪರರ ಮಕ್ಕಳ ಸಾವಿಗೆ ತನ್ನವರನ್ನೇ ಪ್ರಶ್ನಿಸುವುದು ಸುಲಭದ ಕೆಲಸವಲ್ಲ. ಬೇರೆಯವರ ತಪ್ಪನ್ನು ಯಾರು ಬೇಕಾದರೂ ಹಾಡಬಹುದು. 1998ರ ಏಪ್ರಿಲ್ 10ರಂದು ಶುಭ ಶುಕ್ರವಾರದ ಒಪ್ಪಂದವಾಗಿ ಉತ್ತರ ಐರ್ಲೆಂಡಿನಲ್ಲಿ ಶಾಂತಿಯ ದಾರಿ ತೆರೆಯಿತು. ಅದು ಹಾಡಿನಿಂದಾದದ್ದಲ್ಲ, ಅನೇಕರ ದೀರ್ಘ ಮಾತುಕತೆಯಿಂದಾದದ್ದು. ಆದರೆ ಸಾಮಾನ್ಯರ ಮನಸ್ಸು ರಕ್ತಪಾತದಿಂದ ಬೇಸತ್ತಿತ್ತು ಎಂಬುದಕ್ಕೆ ಈ ಹಾಡು ಸಾಕ್ಷಿ.

ಸತ್ತ ಬಾಲಕನ ತಂದೆ ತಾಯಿ ವಾರಿಂಗ್ಟನ್ನಿನಲ್ಲಿ ಶಾಂತಿಗಾಗಿ ದುಡಿಯುವ ಸಂಸ್ಥೆಯೊಂದನ್ನು ಕಟ್ಟಿದರು. ಈ ಹಾಡು ತಮ್ಮ ಮಗನ ಸಾವಿನಿಂದ ಹುಟ್ಟಿದ್ದೆಂದು ಆ ತಂದೆಗೆ ಗೊತ್ತಾದದ್ದು ಡೊಲೊರೆಸ್ ತೀರಿಕೊಂಡ ಮೇಲೆ, 2018ರಲ್ಲಿ. ಧನ್ಯವಾದ ಹೇಳಬೇಕೆಂದರೆ ಹಾಡಿದವರೇ ಇರಲಿಲ್ಲ.

ಕೀರ್ತಿಯ ಭಾರ

23ನೇ ವಯಸ್ಸಿಗೆ ಕೋಟ್ಯಂತರ ಜನರಿಗೆ ಗೊತ್ತಾಗುವುದು ಸಣ್ಣ ಭಾರವಲ್ಲ. ಊರಿಂದೂರಿಗೆ ಪ್ರವಾಸ, ನಿದ್ದೆಯಿಲ್ಲದ ರಾತ್ರಿಗಳು, ಸರಿಯಾಗಿ ಊಟ ಮಾಡಲಾಗದ ಸ್ಥಿತಿ, ಖಿನ್ನತೆ ಇವೆಲ್ಲವನ್ನೂ ಡೊಲೊರೆಸ್ ಅನುಭವಿಸಿದರು. 2003ರಲ್ಲಿ ತಂಡ ವಿರಾಮ ತೆಗೆದುಕೊಂಡಿತು. ಅವರು ತಮ್ಮ ಮೂವರು ಮಕ್ಕಳೊಂದಿಗೆ ಸಮಯ ಕಳೆದರು, 2007 ಮತ್ತು 2009ರಲ್ಲಿ ಒಂಟಿಯಾಗಿ ಎರಡು ಆಲ್ಬಂ ತಂದರು. 2009ರಲ್ಲಿ ತಂಡ ಮತ್ತೆ ಒಂದಾಯಿತು. ತಮಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇರುವುದು ಪತ್ತೆಯಾಗಿದೆ ಎಂದು 2017ರಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡರು.

2018ರ ಜನವರಿ 15ರಂದು, ಧ್ವನಿಮುದ್ರಣಕ್ಕೆಂದು ಬಂದಿದ್ದ ಲಂಡನ್ನಿನ ಹೋಟೆಲಿನಲ್ಲಿ ಅವರು ತೀರಿಕೊಂಡರು. ವಯಸ್ಸು 46. ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಆಕಸ್ಮಿಕವಾಗಿ ಸಂಭವಿಸಿದ ಸಾವು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬ್ಯಾಲಿಬ್ರಿಕನ್ನಿನ ಅದೇ ಚರ್ಚಿನಿಂದ ಅವರಿಗೆ ವಿದಾಯ ಹೇಳಲಾಯಿತು.

ಇದನ್ನು ಮಕ್ಕಳ ಪುಟದಲ್ಲಿ ಏಕೆ ಬರೆಯಬೇಕೆಂದು ಪೋಷಕರು ಕೇಳಬಹುದು. ಜ್ವರ ಬಂದರೆ ಡಾಕ್ಟರ ಬಳಿ ಓಡುವ ನಾವು, ಮನಸ್ಸಿಗೆ ನೋವಾದರೆ "ನಾಲ್ಕು ಜನ ಏನಂದಾರು" ಎಂದು ಮುಚ್ಚಿಡುತ್ತೇವೆ. ಮಕ್ಕಳೇ, ಅನೇಕ ದಿನಗಳಿಂದ ಮನಸ್ಸು ಸರಿಯಿಲ್ಲವೆನಿಸಿದರೆ ಅಮ್ಮನಿಗೆ, ಅಪ್ಪನಿಗೆ ಅಥವಾ ನಿಮ್ಮ ಟೀಚರಿಗೆ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಉಳಿದುಬಂದದ್ದು

2017ರಲ್ಲಿ ಮುದ್ರಿಸಿಟ್ಟಿದ್ದ ಡೊಲೊರೆಸ್ ದನಿಗೆ, ಮನೆಯವರ ಒಪ್ಪಿಗೆ ಪಡೆದು ಗೆಳೆಯರು ವಾದ್ಯಗಳನ್ನು ಸೇರಿಸಿದರು. 2019ರಲ್ಲಿ ಬಂದ ಆ ಕೊನೆಯ ಆಲ್ಬಂ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಅವರಿಲ್ಲದೆ ಆ ಹೆಸರಿನ ತಂಡ ಬೇಡವೆಂದು ಉಳಿದ ಮೂವರೂ ಅಲ್ಲಿಗೇ ನಿಲ್ಲಿಸಿದರು. 2020ರ ಏಪ್ರಿಲ್‌ನಲ್ಲಿ 'ಝಾಂಬಿ' ವೀಡಿಯೊ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿತು. 2023ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸಿನ ರಗ್ಬಿ ವಿಶ್ವಕಪ್ ಪಂದ್ಯದಲ್ಲಿ ಐರ್ಲೆಂಡ್ ದಕ್ಷಿಣ ಆಫ್ರಿಕವನ್ನು ಸೋಲಿಸಿದಾಗ ಸಾವಿರಾರು ಅಭಿಮಾನಿಗಳು ಇದೇ ಹಾಡನ್ನು ಒಕ್ಕೊರಲಿನಿಂದ ಹಾಡಿದರು. ದೂರದ ಹಾಂಗ್‌ಕಾಂಗಿನಲ್ಲಿ ಗಾಯಕಿ ಫೇ ವಾಂಗ್ 1994ರಲ್ಲೇ ಅವರ 'ಡ್ರೀಮ್ಸ್' ಹಾಡನ್ನು ಕ್ಯಾಂಟನೀಸ್ ಭಾಷೆಯಲ್ಲಿ ಹಾಡಿ ಜನಪ್ರಿಯಗೊಳಿಸಿದ್ದರು. ಒಂದು ಹಳ್ಳಿಯ ದನಿ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ.

ಆ ವಿದ್ಯಾರ್ಥಿನಿಗೆ ಅಂದು ಕೊಡದ ಉತ್ತರ ಇಲ್ಲಿದೆ: ನಿನ್ನ ಕನ್ನಡದಲ್ಲಿ ಈ ಊರಿನ ವಾಸನೆ ಇರಲಿ, ನಿನ್ನ ಇಂಗ್ಲಿಷಿನಲ್ಲಿ ಕನ್ನಡದ ರಾಗ ಇರಲಿ. ತಪ್ಪಾದರೆ ತಿದ್ದಿಕೊಳ್ಳೋಣ, ಕಲಿಯೋಣ. ಆದರೆ ಸುಮ್ಮನೆ ಮಾತ್ರ ಇರಬೇಡ ಮಗಳೇ. ಬೇಕಾದರೆ ಮೊದಲು ಬೆನ್ನು ತಿರುಗಿಸಿ ನಿಂತೇ ಹಾಡು.

ಪದಪರಿಚಯ

ಪರ್ಯಾಯ – ಬದಲಿ, ಬೇರೆಯ ದಾರಿ
ಖಿನ್ನತೆ – ಬಹುಕಾಲ ಕಾಡುವ ಮನಸ್ಸಿನ ಕುಗ್ಗುವಿಕೆ
ತಾತ್ಪರ್ಯ – ಒಟ್ಟು ಅರ್ಥ
ಒಕ್ಕೊರಲು – ಎಲ್ಲರೂ ಒಂದೇ ದನಿಯಾಗಿ

ಅಭ್ಯಾಸ

1. ಮೊದಲ ಆಲ್ಬಂ ಬ್ರಿಟನ್ನಿನಲ್ಲಿ ಹೆಸರಾಗಲು ಏನು ಕಾರಣವಾಯಿತು?
2. 'ಝಾಂಬಿ' ಎಂಬ ಹೆಸರು ಆ ಹಾಡಿಗೆ ಏಕೆ ಹೊಂದುತ್ತದೆ? ಅದರ ಬಗೆಗಿನ ಆಕ್ಷೇಪವೇನು? ನಿಮ್ಮ ಅಭಿಪ್ರಾಯ ಬರೆಯಿರಿ.
3. ಅಜ್ಜಿ ಅಥವಾ ತಾತನಿಗೆ ಫೋನ್ ಮಾಡಿ, ಅವರ ಊರಿನಲ್ಲಿ ಮಾತ್ರ ಬಳಸುವ ಐದು ಮಾತುಗಳನ್ನು ಕೇಳಿ ಬರೆದುಕೊಳ್ಳಿ. ತರಗತಿಯಲ್ಲಿ ಅವರು ಹೇಳಿದ ಹಾಗೆಯೇ ಹೇಳಿ ತೋರಿಸಿ.