ಕಡೆತದ ಯಂತ್ರದ ವೇಗವೂ ಮೋಟಾರಿನ ದೋಷಪರೀಕ್ಷೆಯೂ

‘ಕಡೆ’ ಎಂಬ ಕನ್ನಡ ಧಾತುವಿಗೆ ಮೊಸರನ್ನು ಮಥಿಸುವುದೆಂದೂ ಮರವನ್ನು ತಿರುಗಿಸಿ ರೂಪಿಸುವುದೆಂದೂ ಅರ್ಥಗಳುಂಟು. ಕಡೆಗೋಲನ್ನು ಹಗ್ಗವು ತಿರುಗಿಸುವಂತೆ ಚನ್ನಪಟ್ಟಣದ ಹಳೆಯ ಕೈಯಂತ್ರದಲ್ಲಿ ಬಿಲ್ಲಿನ ಹಗ್ಗವು ಮರವನ್ನು ತಿರುಗಿಸುತ್ತಿದ್ದುದನ್ನು ನೆನೆದರೆ ಈ ಎರಡರ್ಥಗಳ ನಂಟು ಸ್ಪಷ್ಟವಾಗುತ್ತದೆ. ಕಾಲಕ್ರಮದಲ್ಲಿ ಬಿಲ್ಲಿನ ಕೆಲಸವನ್ನು ವಿದ್ಯುತ್ ಮೋಟಾರು ವಹಿಸಿಕೊಂಡಿತು.

ಆಲೆಮರದ ಗೊಂಬೆಗೆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖದಿಂದ ಅರಗು ಕರಗಿ ಹತ್ತುತ್ತದೆ. ಬಳಿಕ ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ವೇಗವು ಸಾಲದಿದ್ದರೆ ಅರಗು ಕರಗದು. ಮಿತಿಮೀರಿದರೆ ಬಣ್ಣ ಕಂದುವುದು. ಆದುದರಿಂದ ಇಲ್ಲಿ ವೇಗವೆಂಬುದು ಕೇವಲ ಸೌಕರ್ಯದ ಮಾತಲ್ಲ.

ಯಂತ್ರವು ಮೊಂಡುಹಿಡಿದಾಗ ಮೋಟಾರನ್ನೇ ದೂರುವುದು ವಾಡಿಕೆ. ಮೊದಲು ವಿದ್ಯುತ್ತನ್ನು ಕಡಿದು, ಬೆಲ್ಟನ್ನು ಕಳಚಿ, ಮೋಟಾರನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಅದು ಸಲೀಸಾಗಿ ಓಡಿದರೆ ದೋಷವು ಸಡಿಲ ಬೆಲ್ಟಿನಲ್ಲಿಯೋ ಒಣಗಿದ ಬೇರಿಂಗಿನಲ್ಲಿಯೋ ಇದ್ದೀತು. ಓಡದೆ ಗುಂಯ್‌ಗುಟ್ಟಿದರೆ ಸಂಶಯವು ಕೆಪಾಸಿಟರಿನ ಮೇಲೆ, ಅನಂತರ ಪ್ರಾರಂಭದ ಸುರುಳಿಯ ಮೇಲೆ. ಕೆಪಾಸಿಟರು ತಂತಿ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿರಬಲ್ಲದು. ಬಲ್ಲವರು ಅದನ್ನು ಬರಿದುಮಾಡುವವರೆಗೆ ವಿದ್ಯಾರ್ಥಿಗಳ ಕೈಗೆ ಕೊಡಲಾಗದು.

ವೇಗವನ್ನು ತಗ್ಗಿಸಲು ಫ್ಯಾನಿನ ರೆಗ್ಯುಲೇಟರನ್ನು ಜೋಡಿಸುವವರೂ ಉಂಟು. ಇದು ಅಗ್ಗದ ಉಪಾಯವಾದರೂ ಕೆಡುಕಿನದೇ. ಸಾಮಾನ್ಯ ಇಂಡಕ್ಷನ್ ಮೋಟಾರಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ವಿದ್ಯುತ್ತಿನ ಆವರ್ತನ ಮತ್ತು ಧ್ರುವಗಳ ಸಂಖ್ಯೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ದಂಡವು ಹೊರೆಯಡಿಯಲ್ಲಿ ಸುಮಾರು 1440 ಸುತ್ತು ತಿರುಗುತ್ತದೆ. ರೆಗ್ಯುಲೇಟರು ಆವರ್ತನವನ್ನು ಮುಟ್ಟದೆ ವೋಲ್ಟೇಜನ್ನಷ್ಟೆ ಕುಗ್ಗಿಸುತ್ತದೆ. ತಿರುಚುಬಲವು ವೋಲ್ಟೇಜಿನ ವರ್ಗಕ್ಕನುಸಾರ ಕುಗ್ಗುವುದರಿಂದ, ವೋಲ್ಟೇಜು ಶೇಕಡ 80ಕ್ಕಿಳಿದರೆ ಬಲವು ಶೇಕಡ 64ಕ್ಕಿಳಿಯುತ್ತದೆ. ಉಳಿಯನ್ನು ಒತ್ತಿದೊಡನೆ ಯಂತ್ರವು ತತ್ತರಿಸುವುದೂ, ಸುರುಳಿಯು ಕಾಯ್ದು ವಾರ್ನಿಷಿನ ವಾಸನೆ ಹಬ್ಬುವುದೂ ಇದರಿಂದಲೇ. ಸಂಜೆಯ ವೇಳೆ ವೋಲ್ಟೇಜು ಕುಸಿದಾಗಲೂ ಇದೇ ಲಕ್ಷಣಗಳು ತೋರುತ್ತವೆ. ಆಗ ಮೋಟಾರನ್ನು ಬಿಚ್ಚುವ ಮೊದಲು ಮೀಟರಿನಿಂದ ಅಳೆದು ನೋಡುವುದು ಬುದ್ಧಿವಂತಿಕೆ.

ಕಾರ್ಬನ್ ಬ್ರಷ್ಷುಳ್ಳ ಮೋಟಾರಿನ ರೀತಿ ಬೇರೆ. ಅದಕ್ಕೆ ತಕ್ಕ ನಿಯಂತ್ರಕವು ನ್ಯಾಯವಾಗಿಯೇ ಕೆಲಸಮಾಡುತ್ತದೆ. ವೇಗವು ತಡವರಿಸಿದರೆ ಸವೆದ ಬ್ರಷ್ಷನ್ನು ನೋಡಬೇಕು. ಹವ್ಯಾಸಕ್ಕಾಗಿ ರತ್ನದ ಕಲ್ಲನ್ನು ಉಜ್ಜುವ ಸಣ್ಣ ಯಂತ್ರಗಳಿಗೂ ಈ ವಿವೇಚನೆಯೇ ಅನ್ವಯಿಸುತ್ತದೆ: ಒಳಗಿರುವ ಮೋಟಾರು ಯಾವ ಜಾತಿಯದೆಂದು ಅರಿಯದೆ ನಿಯಂತ್ರಕವನ್ನು ಕೊಳ್ಳುವುದು ಅಳತೆ ತಿಳಿಯದೆ ಅಂಗಿ ಹೊಲಿಸಿದಂತೆ.

ಇಂಡಕ್ಷನ್ ಮೋಟಾರಿಗೆ ಮೆಟ್ಟಿಲುಗಾಲಿಯೇ ಸರಳವಾದ ಮದ್ದು. ಮೋಟಾರಿನ ದಂಡಕ್ಕೆ 3 ಅಂಗುಲದ ಗಾಲಿಯೂ ಯಂತ್ರಕ್ಕೆ 6 ಅಂಗುಲದ ಗಾಲಿಯೂ ಇದ್ದರೆ 1440 ಸುತ್ತು 720 ಆಗುತ್ತದೆ. ಆಗ ಬಲವು ಕುಗ್ಗುವುದಿಲ್ಲ. ಇಮ್ಮಡಿಯ ಸನಿಹಕ್ಕೆ ಏರುತ್ತದೆ. ಬೆಲ್ಟನ್ನು ಬದಲಿಸುವಾಗಲೆಲ್ಲ ಯಂತ್ರವು ಪೂರ್ಣವಾಗಿ ನಿಂತಿರಬೇಕು. ಮೋಟಾರಿನ ಗಾಳಿಕಿಂಡಿಗಳಲ್ಲಿ ಸೇರಿದ ಮರದ ಹುಡಿಯನ್ನೂ ಆ ವೇಳೆಯಲ್ಲಿಯೇ ಬ್ರಷ್ಷಿನಿಂದ ತೆಗೆಯಬಹುದು.