ಬೀಗ ಹಾಕಿದ ಮನೆಯೂ ಬಾಡಿಗೆಯ ಮನೆಯೂ

(ಸದಸ್ಯರ ಅಭ್ಯಾಸಕ್ಕಾಗಿ)



ಕಾಫಿ ಗಿಡಕ್ಕೆ ಬೋರರ್ ಬಿದ್ದರೆ, ಅಡಿಕೆಗೆ ಎಲೆಚುಕ್ಕಿ ರೋಗ ತಗುಲಿದರೆ ಮರುದಿನವೇ ಸಂಘದ ಕಛೇರಿಗೆ ಬಂದು ವಿಚಾರಿಸುವ ಸದಸ್ಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ತೋಟದ ನಡುವೆ ಬೀಗ ಹಾಕಿಕೊಂಡು ನಿಂತ ಮನೆಗೆ ಗೆದ್ದಲು ಹಿಡಿದಿದೆ, ಏನು ಮಾಡೋಣ ಎಂದು ಕೇಳಲು ಬಂದವರನ್ನು ನಾವು ಇದುವರೆಗೆ ಕಂಡಿಲ್ಲ. ಹಿಸ್ಸೆಯಾದ ಮೇಲೆ ತಮ್ಮನ ಪಾಲಿಗೆ ಹೋದ ಮನೆ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿಯಾದ ಮನೆ, ಪೇಟೆಯಲ್ಲಿ ಹಿಂದೆ ಓದಿಗಾಗಿ ಕೊಂಡ ಮನೆ, ಹೀಗೆ ಪ್ರತಿ ಊರಿನಲ್ಲೂ ಒಂದೆರಡಾದರೂ ಇವೆ. ಇವನ್ನು ಇಂದಿನ ವಾಸಕ್ಕೆ ಒಗ್ಗುವಂತೆ ಮಾಡಿ ಬಾಡಿಗೆಗೆ ಕೊಡುವುದು ಹೇಗೆ ಎಂಬುದೇ ಈ ಸಂಚಿಕೆಯ ಪಾಠ.

ವಿದ್ಯಾಗಿರಿಯಲ್ಲಿ ಕಂಡದ್ದು

ಈ ವಿಷಯ ನಮ್ಮ ತಲೆಗೆ ಹೊಕ್ಕಿದ್ದು ದೂರದ ಬಾಗಲಕೋಟೆಯಲ್ಲಿ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಅಡಿಕೆ ಬೆಳೆಗಾರರಿಗೆ ಪರಿಚಿತವಾದ ಶಿರಸಿಯ ತೋಟಗಾರಿಕೆ ಕಾಲೇಜು ಅದಕ್ಕೆ ಸೇರಿದ್ದು. ನಮ್ಮ ಮಗಳಿಗೆ ಅಲ್ಲಿ ಸೀಟು ದೊರೆತಾಗ ಹಾಸ್ಟೆಲಿನಲ್ಲಿ ಜಾಗ ಸಿಗುವವರೆಗೆ ಒಂದು ಕೋಣೆ ಹುಡುಕಲೆಂದು ವಿದ್ಯಾಗಿರಿಗೆ ಹೋದೆವು. 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಶಿಕ್ಷಣ ಸಂಸ್ಥೆಗಳಿರುವ ಬಡಾವಣೆಯದು. 1963ರ ಇಂಜಿನಿಯರಿಂಗ್ ಕಾಲೇಜು ಅವುಗಳಲ್ಲೊಂದು. ಕಾಲೇಜು ಇದ್ದಲ್ಲಿ ವಿದ್ಯಾರ್ಥಿಗಳು, ಉಪನ್ಯಾಸಕರು. ಅವರಿದ್ದಲ್ಲಿ ಬಾಡಿಗೆ ಮನೆಗಳು.

ನಾವು ನೋಡಿದ ಮನೆ ದೊಡ್ಡದೇನಲ್ಲ. ಕೆಳಗೆ ಮಾಲೀಕರು, ಮೇಲೆ ಎರಡು ಕೋಣೆ. ಹೊರಗಿನಿಂದ ಬೇರೆ ಮೆಟ್ಟಿಲು, ಬೇರೆ ಮೀಟರು, ಕೋಣೆಗೆ ಹೊಂದಿದಂತೆ ಬಚ್ಚಲು ಮತ್ತು ಕಕ್ಕಸು, ಓದಲು ಬೆಳಕು ಬರುವ ಕಿಟಕಿ. ಇಷ್ಟೇ. ಬಾಡಿಗೆ, ಮುಂಗಡ, ನೀರಿನ ಹೊತ್ತು, ಗೇಟು ಮುಚ್ಚುವ ಹೊತ್ತು ಎಲ್ಲವನ್ನೂ ಬರೆದಿಟ್ಟ ಕಾಗದವನ್ನು ಮನೆಯೊಡತಿ ಮೊದಲೇ ಕೈಗೆ ಕೊಟ್ಟರು.

ಚಹಾ ಕುಡಿಯುತ್ತ ನಮ್ಮ ಊರಿನ ಮಾತು ಬಂತು. ಮನೆ ಖಾಲಿ ಬಿದ್ದಿದೆ, ಯಾರಿಗೂ ಕೊಟ್ಟಿಲ್ಲ ಎಂದೆವು. ಆಕೆ ಹೇಳಿದರು: “ನಮ್ಮ ಹಳೀ ಮನಿ ನೀರಾಗ ಹೋತ್ರಿ. ಉಳಿಸ್ಕೋಬೇಕಂದ್ರೂ ಆಗಲಿಲ್ಲ. ನಿಮ್ಮದು ನಿಂತೈತಲ್ರಿ, ಅದನ್ಯಾಕ ಕೈಯಾರೆ ಕೆಡಸ್ತೀರಿ?”

ಘಟಪ್ರಭಾ ದಂಡೆಯ ಹಳೆ ಬಾಗಲಕೋಟೆಯ ಹಲವು ಭಾಗಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಅಲ್ಲಿಯ ಜನರಿಗಾಗಿ ನವನಗರ ಕಟ್ಟಬೇಕಾಯಿತೆಂಬುದು ನಿಮಗೆಲ್ಲ ತಿಳಿದ ಸಂಗತಿ. ತಲೆಮಾರುಗಳ ಪಡಸಾಲೆ, ಮಾಳಿಗೆ ಬಿಟ್ಟು ಬಂದವರ ಬಾಯಲ್ಲಿ ಆ ಪ್ರಶ್ನೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ನಾವು ಯಾಕೆ ಹೆದರುತ್ತೇವೆ?

ಉತ್ತರವನ್ನು ಪ್ರಾಮಾಣಿಕವಾಗಿ ಹುಡುಕಿದರೆ ಅದು ಹೆದರಿಕೆ. “ಬಾಡಿಗೆಗೆ ಕೊಟ್ಟರೆ ಮನೆ ಕೈಬಿಟ್ಟು ಹೋಗುತ್ತದೆ” ಎಂಬ ಮಾತನ್ನು ನಮ್ಮ ಹಿರಿಯರಿಂದ ಕೇಳುತ್ತ ಬೆಳೆದಿದ್ದೇವೆ. ಇದರ ಬೇರು 1974ರಲ್ಲಿದೆ. ಆ ವರ್ಷ ಮಾರ್ಚ್ 1ರಂದು ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿ, ನಮೂನೆ 7ರ ಅರ್ಜಿಯ ಮೇಲೆ ಉಳುವವನಿಗೆ ಹಕ್ಕು ದೊರೆಯಿತು. ಉಳುವವನಿಗೆ ಅದು ನ್ಯಾಯ. ಕೊಟ್ಟವನ ಮನಸ್ಸಿನಲ್ಲಿ ಉಳಿದದ್ದು ಭಯ. ಗೇಣಿಯ ಭಯವನ್ನು ನಾವು ಬಾಡಿಗೆಗೂ ಅಂಟಿಸಿಕೊಂಡೆವು.

ಆದರೆ ಗೇಣಿ ಬೇರೆ, ಬಾಡಿಗೆ ಬೇರೆ. ವಾಸದ ಮನೆಯ ಬಾಡಿಗೆಗೆ ಮೂಲ ಕಾನೂನು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಬಾಡಿಗೆದಾರ ಬಾಡಿಗೆಯಲ್ಲಿ ಇರುವವರೆಗೆ ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ನಿಯಮ. ಇನ್ನು “ಹನ್ನೆರಡು ವರ್ಷ ಇದ್ದರೆ ಮನೆ ಅವನದೇ” ಎಂಬ ಮಾತು. 1963ರ ಕಾಲಮಿತಿ ಕಾಯಿದೆಯಲ್ಲಿ 12 ವರ್ಷದ ಅವಧಿ ಇರುವುದು ನಿಜ. ಆದರೆ ಅದು ಮಾಲೀಕನ ಹಕ್ಕನ್ನು ಒಪ್ಪದೆ, ಬಹಿರಂಗವಾಗಿ, ಸತತವಾಗಿ ಸ್ವತ್ತನ್ನು ತನ್ನದೆಂದು ಅನುಭವಿಸಿದವನ ವಿಷಯ. ನಮ್ಮ ಅನುಮತಿಯಿಂದ ಇದ್ದವನ ವಾಸ ಅಂಥದ್ದಲ್ಲ. ಅನುಮತಿಯಿಂದ ಇದ್ದ ಎಂಬುದಕ್ಕೆ ಪುರಾವೆ ಮಾತ್ರ ನಮ್ಮ ಕೈಯಲ್ಲಿರಬೇಕು.

ಇಲ್ಲಿ ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ಒಳ್ಳೆಯದು. ನಮಗೆ ಎರಡು ಹಳೆಯ ಮನೆಗಳಿದ್ದವು. ಒಂದನ್ನು ಭಯದಿಂದ ಬೀಗ ಹಾಕಿಟ್ಟೆವು. ಇನ್ನೊಂದನ್ನು “ನೋಡಿಕೊಂಡಿರು ಮಾರಾಯ” ಎಂದು ಪರಿಚಯದವನೊಬ್ಬನಿಗೆ ಪುಕ್ಕಟೆಯಾಗಿ, ಒಂದು ಚೀಟಿಯೂ ಇಲ್ಲದೆ ಬಿಟ್ಟುಕೊಟ್ಟೆವು. ಬಾಡಿಗೆ ತೆಗೆದುಕೊಂಡರೆ ತಾನೆ ತೊಂದರೆ ಎಂಬ ಜಾಣತನ! ಒಂಬತ್ತು ವರ್ಷದ ಮೇಲೆ ಮನೆ ಬೇಕೆಂದಾಗ ಆತ ಏಳಲಿಲ್ಲ. ಕರೆಂಟಿನ ಮೀಟರು ಅವನ ಹೆಸರಿನಲ್ಲಿತ್ತು. ಎರಡು ವರ್ಷ ಪಂಚಾಯಿತಿ ಮಾಡಿ, ಕೊನೆಗೆ ಹಣ ಕೊಟ್ಟು ಬಿಡಿಸಿಕೊಂಡೆವು. ಅಷ್ಟರಲ್ಲಿ ಬೀಗ ಹಾಕಿದ ಮನೆಯ ಮಾಡು ಕುಸಿದಿತ್ತು. ಕಾಗದವಿದ್ದ ಬಾಡಿಗೆಯಿಂದ ನಾವು ಏನನ್ನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡದ್ದೆಲ್ಲ ಬೀಗದಿಂದ ಮತ್ತು ಬಾಯಿಮಾತಿನಿಂದ.

ಒಂದು ಎಚ್ಚರಿಕೆ: ತೋಟದ ಕೆಲಸಗಾರರ ವಾಸದ ಮನೆಗಳನ್ನು ಈ ಪಾಠಕ್ಕೆ ಸೇರಿಸಿಲ್ಲ. ಅವಕ್ಕೆ ಬೇರೆ ಕಾನೂನುಗಳಿವೆ.

ಮನೆಯಲ್ಲಿ ಮೊದಲು ಏನು ಸರಿಪಡಿಸಬೇಕು?

ಬಾಗಲಕೋಟೆಯ ಮಳೆ ವರ್ಷಕ್ಕೆ ಸುಮಾರು 22 ಇಂಚು. ನಮ್ಮ ಕೊಪ್ಪ, ಶೃಂಗೇರಿ ಕಡೆ 100 ಇಂಚಿಗೆ ಮೇಲೆ. ಅಲ್ಲಿಯ ಖಾಲಿ ಮನೆ ಧೂಳು ಹಿಡಿದೀತು, ಇಲ್ಲಿಯದು ಕೊಳೆಯುತ್ತದೆ. ಹಿಂದೆ ಒಲೆಯ ಹೊಗೆ ಅಟ್ಟಕ್ಕೆ, ಪಕಾಸಿಗೆ ಹತ್ತಿ ಮರವನ್ನು ಒಣಗಿಸಿಡುತ್ತಿತ್ತು. ಒಲೆ ಆರಿದ ಮನೆಯಲ್ಲಿ ಆ ರಕ್ಷಣೆಯಿಲ್ಲ. ಒಂದು ಹೆಂಚು ಜಾರಿದ್ದನ್ನು ನೋಡುವವರಿಲ್ಲದಿದ್ದರೆ ಅದೇ ಜಾಗದಲ್ಲಿ ರೀಪು, ಆಮೇಲೆ ಪಕಾಸಿ, ಆಮೇಲೆ ಗೋಡೆ. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ:

1. ಮಾಡು. ಕೊಯ್ಲು ಮುಗಿದ ಮೇಲೆ, ಮುಂಗಾರು ಹಿಡಿಯುವ ಮೊದಲು ಹೆಂಚು ಕೈಯಾಡಿಸಿ, ಲಡ್ಡಾದ ರೀಪು ಬದಲಿಸಬೇಕು. ಕತ್ತಲೆಯ ಕೋಣೆಗೆ ನಾಲ್ಕಾರು ಗಾಜಿನ ಹೆಂಚು ಹಾಕಿದರೆ ಹಗಲು ದೀಪ ಬೇಕಿಲ್ಲ.

2. ಬಚ್ಚಲು ಮತ್ತು ಕಕ್ಕಸು. ಇದೇ ಮುಖ್ಯ. ಮಳೆಗಾಲದ ರಾತ್ರಿ ಕೊಡೆ, ಟಾರ್ಚು ಹಿಡಿದು ಹಿತ್ತಲಿಗೆ ಹೋಗುವ ಮನೆಗೆ ಇಂದು ಯಾರೂ ಬರುವುದಿಲ್ಲ. ಜಗುಲಿಯ ಒಂದು ತುದಿಯನ್ನೋ ಕತ್ತಲೆ ಉಗ್ರಾಣವನ್ನೋ ಇದಕ್ಕೆ ಬಿಡಬಹುದು. ಗುಂಡಿ ಬಾವಿಯಿಂದ 50 ಅಡಿಗೆ ಕಡಿಮೆ ದೂರದಲ್ಲಿರಕೂಡದು. ಬಾವಿಗಿಂತ ತಗ್ಗಿನ ಬದಿಗಿರಬೇಕು. ಎರಡು ಗುಂಡಿ ತೋಡಿ ಒಂದಾದ ಮೇಲೊಂದು ಬಳಸುವ ಪದ್ಧತಿ ಅನುಕೂಲ. ತುಂಬಿದ ಗುಂಡಿಯನ್ನು ಒಂದು ವರ್ಷಕ್ಕೂ ಮಿಕ್ಕಿ ಮುಚ್ಚಿ ಬಿಟ್ಟರೆ ಅದು ಗೊಬ್ಬರವಾಗುತ್ತದೆ. ಮಳೆಗಾಲದಲ್ಲಿ ನೀರು ಉಕ್ಕುವ ಜಾಗದಲ್ಲಿ ಮಾತ್ರ ಗುಂಡಿ ಬೇಡ.

3. ಕರೆಂಟು. ಹಳೆಯ ಮರದ ಪಟ್ಟಿಯ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿ. ಅರ್ಥಿಂಗ್ ಸರಿಯಿರಲಿ. ಗೀಸರ್ ಇರುವ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಹಾಕಿಸಲೇಬೇಕು. ಕರೆಂಟು ಸೋರಿದ ಕ್ಷಣ ಅದು ಸಂಪರ್ಕ ಕಡಿಯುತ್ತದೆ. ಮೀಟರು ಬೇರೆಯಿರಲಿ, ಮಾಲೀಕರ ಹೆಸರಿನಲ್ಲಿರಲಿ.

4. ಗೋಡೆ. ಮಣ್ಣಿನ ಗೋಡೆಗೆ, ಜಂಬಿಟ್ಟಿಗೆಯ ಗೋಡೆಗೆ ಚಂದ ಕಾಣಲೆಂದು ಸಿಮೆಂಟ್ ಗಾರೆ ಹಾಕಿಸಬೇಡಿ. ಒಳಗಿನ ತೇವ ಹೊರಬರಲಾರದೆ ಗಾರೆ ಹೊಪ್ಪಳೆ ಏಳುತ್ತದೆ. ಸುಣ್ಣದ ಗಾರೆಯೇ ಇದಕ್ಕೆ ತಕ್ಕದ್ದು.

5. ಬೇರೆ ಬಾಗಿಲು. ಮನೆಯ ಒಂದು ಭಾಗವನ್ನು ಮಾತ್ರ ಕೊಡುವುದಾದರೆ ಅವರ ದಾರಿ, ನಮ್ಮ ದಾರಿ ಬೇರೆಯಿರಲಿ. ನಿಂತು ಅಡಿಗೆ ಮಾಡುವ ಕಟ್ಟೆ, ತೊಳೆಯಲು ನಲ್ಲಿ, ಬಟ್ಟೆ ಒಣಗಿಸಲು ಮಾಡಿನ ಕೆಳಗೊಂದು ಜಾಗ, ಇಂಟರ್‌ನೆಟ್ ಎಳೆಸಲು ಅನುಮತಿ, ಇಷ್ಟು ಇದ್ದರೆ ಸಾಕು.

ಹೆಬ್ಬಾಗಿಲು, ಕೆತ್ತನೆಯ ಕಂಬ, ತೊಟ್ಟಿ ಇವನ್ನು ಮುಟ್ಟಬೇಕಿಲ್ಲ. ಇಂದಿನ ವಾಸಕ್ಕೆ ಒಗ್ಗಿಸುವುದೆಂದರೆ ಹಳೆಯದನ್ನು ಕೆಡವುವುದಲ್ಲ. ಇರುವವರ ದಿನದ ಕಷ್ಟವನ್ನು ತೆಗೆಯುವುದು.

ಕರಾರು ಪತ್ರ

ಒಂದು ವರ್ಷಕ್ಕೆ ಮೀರಿದ ಅವಧಿಯ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುವ ರೂಢಿ ಬಂದದ್ದು ಇದರಿಂದ. ಅವಧಿ ಮುಗಿದಾಗ ಮರೆಯದೆ ಹೊಸ ಪತ್ರ ಬರೆಯಬೇಕು. ಸ್ಟ್ಯಾಂಪ್ ಕಾಗದದ ಮೇಲೆ ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಬಾಡಿಗೆ, ಮುಂಗಡ, ಕರೆಂಟು ನೀರಿನ ಖರ್ಚು ಯಾರದು, ಸಣ್ಣ ದುರಸ್ತಿ ಯಾರದು, ದೊಡ್ಡದು ಯಾರದು, ಬಿಡುವ ಮೊದಲು ಎಷ್ಟು ದಿನದ ನೋಟೀಸು, ಇವಿಷ್ಟು ಅದರಲ್ಲಿರಲಿ. ಕರಾರಿನಲ್ಲಿ ಏನೂ ಹೇಳದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನು ಹೇಳುವ ನೋಟೀಸು 15 ದಿನ. ಮನೆಯ ಅಂಗಳದ ತೆಂಗು, ಹಲಸು, ಕಾಳುಮೆಣಸಿನ ಬಳ್ಳಿಯ ಫಸಲು ಯಾರದೆಂದು ಬರೆಯುವುದನ್ನು ಮರೆಯಬೇಡಿ. ನಮ್ಮ ಕಡೆ ಜಗಳ ಹುಟ್ಟುವುದು ಅಲ್ಲೇ.

ಮುಂಗಡವನ್ನು ಬಾಯಿಗೆ ಬಂದಷ್ಟು ಕೇಳುವುದು ಸರಿಯಲ್ಲ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮಿತಿಯೆಂದು ಸೂಚಿಸಿದೆ. ಅದು ಮಾದರಿ ಮಾತ್ರ. ಆದರೂ ನಮಗೆ ಒಳ್ಳೆಯ ಅಳತೆಗೋಲು. ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಪಡೆಯಿರಿ, ಅದೇ ಪುರಾವೆ. ಬಾಕಿ ಉಳಿಸಿಕೊಂಡನೆಂದು ನೀರು, ಕರೆಂಟು ಕಡಿಯುವುದು, ಸಾಮಾನು ಹೊರಗೆ ಹಾಕುವುದು ನಮ್ಮ ಹಕ್ಕಲ್ಲ. ನೋಟೀಸು, ಆಮೇಲೆ ನ್ಯಾಯಾಲಯ, ಇದೇ ದಾರಿ. ಪೇಟೆಯಲ್ಲಿ ಮನೆಯಿರುವವರು 1999ರ ಕರ್ನಾಟಕ ಬಾಡಿಗೆ ಕಾಯಿದೆ ತಮ್ಮ ಮನೆಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿ ಮುಂದುವರಿಯಬೇಕು.

ಲೆಕ್ಕ

ಉದಾಹರಣೆಗಾಗಿ, ದುರಸ್ತಿಗೆ ರೂ. 2,40,000 ಹಿಡಿಯಿತು, ಬಾಡಿಗೆ ತಿಂಗಳಿಗೆ ರೂ. 6,000 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಒಂದು ತಿಂಗಳು ಖಾಲಿ, ಇನ್ನೊಂದು ತಿಂಗಳದು ದುರಸ್ತಿಗೆ ಎಂದು ಬಿಟ್ಟರೆ ಕೈಗೆ ಬರುವುದು ರೂ. 60,000. ಹಾಕಿದ ಹಣ ನಾಲ್ಕು ವರ್ಷಕ್ಕೆ ಮರಳಿತು. ಹೊಸದಾಗಿ ನೆಟ್ಟ ಅಡಿಕೆ ಸಸಿ ಹಿಂಗಾರ ಬಿಡಲು ಹೆಚ್ಚುಕಡಿಮೆ ಅಷ್ಟೇ ಕಾಲ ಕಾಯುತ್ತೇವಲ್ಲ!

ತೋಟದೊಳಗಿನ ಮನೆಯ ಬಾಡಿಗೆಯೂ ಕೃಷಿ ಆದಾಯವೇ, ತೆರಿಗೆಯಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ವಾಸಕ್ಕೆಂದು ಹೊರಗಿನವರಿಗೆ ಕೊಟ್ಟ ಮನೆಯ ಬಾಡಿಗೆ ಕೃಷಿ ಆದಾಯವಲ್ಲ. ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕು. ಆ ವರ್ಷ ನಾವೇ ಕಟ್ಟಿದ ಮನೆ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 30ನ್ನು ದುರಸ್ತಿ ಇತ್ಯಾದಿಗೆಂದು ಬಿಡುತ್ತಾರೆ. ನಿಜವಾದ ಖರ್ಚು ಹೆಚ್ಚಿರಲಿ, ಕಡಿಮೆಯಿರಲಿ ಅಷ್ಟೇ. ದುರಸ್ತಿಗೆ ಸಾಲ ಪಡೆದಿದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು.

ಯಾರಿಗೆ ಕೊಡುವುದು?

ಶಾಲೆಯ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಬ್ಯಾಂಕಿನವರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗರು ಇವರೆಲ್ಲ ಮೇ ತಿಂಗಳಲ್ಲಿ ಮನೆ ಹುಡುಕುತ್ತಾರೆ. ಗುರುತಿನ ಚೀಟಿಯ ಪ್ರತಿ ಪಡೆಯಿರಿ, ಠಾಣೆಗೂ ತಿಳಿಸಿ. ಆದರೆ ನಾವು ಮೊದಲು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ: “ಯಾವ ಜನ?” ನಮ್ಮ ಊರಿನ ಶಾಲೆಗೆ ಬಂದ ಒಬ್ಬ ಒಳ್ಳೆಯ ಮೇಷ್ಟ್ರಿಗೆ ಈ ಪ್ರಶ್ನೆಯಿಂದಲೇ ಮನೆ ಸಿಗಲಿಲ್ಲ. ಆರು ಮನೆಗಳು ಬೀಗ ಹಾಕಿಕೊಂಡಿದ್ದವು, ಅವುಗಳಲ್ಲಿ ಒಂದು ನಮ್ಮದು. ಎರಡು ವರ್ಷ ದೂರದ ಪೇಟೆಯಿಂದ ಬಸ್ಸಿನಲ್ಲಿ ಓಡಾಡಿ ವರ್ಗ ಮಾಡಿಸಿಕೊಂಡು ಹೋದರು. ನಷ್ಟವಾದದ್ದು ಅವರಿಗಲ್ಲ, ನಮ್ಮ ಮಕ್ಕಳಿಗೆ. ವಿದ್ಯಾಗಿರಿಯ ಆ ತಾಯಿ ನಮ್ಮನ್ನು ಕೇಳಿದ್ದು ಎರಡೇ: ಎಷ್ಟು ಮಂದಿ ಇರ್ತೀರಿ, ಎಷ್ಟು ದಿನ ಇರ್ತೀರಿ.

ನಮ್ಮ ಉಳಿದ ಮನೆಗೆ ಈ ವರ್ಷ ಮಾಡು, ಬಚ್ಚಲು ಮುಗಿಸಿದೆವು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮನೊಬ್ಬರು ಸಂಸಾರ ಸಮೇತ ಬಂದಿದ್ದಾರೆ. ಸಂಜೆ ತೋಟದಿಂದ ಬರುವಾಗ ಆ ಮನೆಯಲ್ಲಿ ದೀಪ ಕಾಣುತ್ತದೆ. ಕರಾರು ಪತ್ರದ ಮಾದರಿಯೊಂದನ್ನು ಕಛೇರಿಯಲ್ಲಿ ಇಟ್ಟಿದ್ದೇವೆ, ಸದಸ್ಯರು ನೋಡಬಹುದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಬೀಗ ಹಾಕಿದ ಮನೆಗಳೆಷ್ಟು? ಅವುಗಳಲ್ಲಿ ಬರುವ ಮಳೆಗಾಲ ತಡೆಯುವವು ಎಷ್ಟು?

2. ಬಾಯಿಮಾತಿನಲ್ಲಿ ಯಾರಿಗಾದರೂ ಮನೆ ಬಿಟ್ಟುಕೊಟ್ಟಿದ್ದೀರಾ? ಅದಕ್ಕೆ ಕಾಗದ ಮಾಡಿಸಲು ಏನು ಅಡ್ಡಿ?

3. ಊರಿನ ಶಾಲೆಯ, ಆಸ್ಪತ್ರೆಯ ನೌಕರರು ಎಲ್ಲಿ ವಾಸವಾಗಿದ್ದಾರೆ? ಊರಿನಲ್ಲೇ ಇರುವುದಕ್ಕೆ ಅವರಿಗೆ ಯಾವುದರ ಕೊರತೆ ಇದೆ?

ಮುಂದಿನ ಸದಸ್ಯರ ಸಭೆಗೆ ಇವುಗಳ ಉತ್ತರ ಬರೆದುಕೊಂಡು ಬರಬೇಕಾಗಿ ಕೋರುತ್ತೇವೆ.