ಗರ್ಭದಲ್ಲಿ ಮಗುವಿನ ಮುಖ ಮೂಡುವ ಬಗೆ



ಕಳೆದ ತಿಂಗಳು ಯುವಜನರ ಸಭೆ ಮುಗಿದ ಮೇಲೆ ಅಕ್ಕ ಒಬ್ಬರು ಮೆಲ್ಲನೆ ಕೇಳಿದರು: "ನನ್ನ ತಂಗಿಯ ಮಗುವಿಗೆ ಸೀಳುತುಟಿ. ಏಳು ತಿಂಗಳ ಬಸುರಿ ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಹೇಳ್ತಾರೆ. ನೀನು ಸೈನ್ಸ್ ಓದಿದವನು, ಅದು ನಿಜವಾ?" ಆಸ್ಪತ್ರೆಯಲ್ಲಿ ಕೊಟ್ಟ ಕಾಗದ ಮಲಯಾಳದಲ್ಲಿತ್ತು, ಅವರಿಗೆ ಓದಲು ಬಾರದು. ಅವರ ಒಪ್ಪಿಗೆ ಪಡೆದು ಉತ್ತರವನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ವಾರಗಳನ್ನು ಗರ್ಭ ಕಟ್ಟಿದ ದಿನದಿಂದ ಎಣಿಸಿದ್ದೇನೆ. ಆಸ್ಪತ್ರೆಯವರು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ಅವರ ಲೆಕ್ಕದಲ್ಲಿ ಎರಡು ವಾರ ಹೆಚ್ಚಿರುತ್ತದೆ.

4ನೇ ವಾರದಲ್ಲಿ ಭ್ರೂಣ ಅಕ್ಕಿಕಾಳಿಗಿಂತ ಚಿಕ್ಕದು. ಮುಂದೆ ಬಾಯಿಯಾಗುವ ಒಂದು ಕುಳಿಯ ಸುತ್ತ ಐದು ಉಬ್ಬುಗಳು ಏಳುತ್ತವೆ: ಮೇಲೆ ಹಣೆಯ ಕಡೆ ಒಂದು, ಕೆನ್ನೆಯ ಕಡೆಗಳಲ್ಲಿ ಎರಡು, ಕೆಳಗೆ ಎರಡು. ಕೆಳಗಿನ ಎರಡು ನಡುವೆ ಸೇರಿ ಕೆಳದವಡೆ, ಕೆಳತುಟಿ ಆಗುತ್ತವೆ. 5ನೇ ವಾರದಲ್ಲಿ ಹಣೆಯ ಉಬ್ಬಿನಲ್ಲಿ ಮೂಗಿನ ಎರಡು ಗುಳಿಗಳು ಕಾಣಿಸುತ್ತವೆ. ಕೆನ್ನೆಯ ಉಬ್ಬುಗಳು ಬೆಳೆಯುತ್ತಾ ಆ ಗುಳಿಗಳನ್ನು ನಡುವಿಗೆ ತಳ್ಳುತ್ತವೆ. 6–7ನೇ ವಾರದಲ್ಲಿ ಅವು ಗುಳಿಗಳ ಒಳ ಅಂಚಿಗೆ ಕೂಡಿಕೊಂಡಾಗ ಮೇಲ್ತುಟಿ ಸಿದ್ಧ. ನಿಮ್ಮ ಮೂಗಿನ ಕೆಳಗಿನ ಸಣ್ಣ ತಗ್ಗನ್ನು ಮುಟ್ಟಿ ನೋಡಿ. ಅದು ಮೂಗಿನ ಕಡೆಯಿಂದ ಬಂದ ಭಾಗ, ಅದರ ಎರಡೂ ಬದಿ ಕೆನ್ನೆಯ ಕಡೆಯಿಂದ ಬಂದದ್ದು. ಇದೇ ಸಮಯದಲ್ಲಿ ಪಕ್ಕಗಳಲ್ಲಿದ್ದ ಕಣ್ಣುಗಳು ಮುಂದಕ್ಕೆ ಬರುತ್ತವೆ, ಕತ್ತಿನ ಬಳಿಯಿದ್ದ ಕಿವಿಗಳು ಮೇಲಕ್ಕೆ ಏರುತ್ತವೆ. ಅಂಗುಳದ ಎರಡು ಹಾಳೆಗಳು ನಾಲಿಗೆಯ ಮೇಲೆ ಅಡ್ಡಲಾಗಿ ಬಂದು 12ನೇ ವಾರದ ಹೊತ್ತಿಗೆ ಒಂದಾಗುತ್ತವೆ.

ಈ ಕೂಡಿಕೆ ಎಲ್ಲಾದರೂ ನಿಂತರೆ ಸೀಳು ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಈಗ ಯೋಚಿಸಿ: ತುಟಿ ಕೂಡುವುದೋ ಬಿಡುವುದೋ ಎರಡನೇ ತಿಂಗಳೊಳಗೇ ತೀರ್ಮಾನವಾಗಿರುತ್ತದೆ. ಏಳನೇ ತಿಂಗಳ ಗ್ರಹಣಕ್ಕೆ ಅಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಎರಡನೇ ತಿಂಗಳಲ್ಲೇ ಗ್ರಹಣವಾದರೂ ಅದರ ನೆರಳು ತುಟಿಯನ್ನು ಸೀಳುವುದಿಲ್ಲ.

ವಂಶವಾಹಿಗಳು ಮತ್ತು ಇತರ ಕಾರಣಗಳು ಸೇರಿ ಇದು ಆಗುತ್ತದೆ. ಧೂಮಪಾನ, ಮದ್ಯ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಫಿಟ್ಸ್‌ನ ಕೆಲವು ಮಾತ್ರೆಗಳು ಅಪಾಯ ಹೆಚ್ಚಿಸುತ್ತವೆ. ಆದರೆ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಗರ್ಭ ಧರಿಸುವ ಮೊದಲೇ ಡಾಕ್ಟರನ್ನು ಕೇಳಿ. ಫೋಲಿಕ್ ಆ್ಯಸಿಡ್ ಮಾತ್ರೆಯನ್ನೂ ಆಗಲೇ ಶುರು ಮಾಡುವುದು ಒಳ್ಳೆಯದು. ಗರ್ಭ ನಿಂತದ್ದು ಗೊತ್ತಾಗುವ ಹೊತ್ತಿಗೆ ಮುಖದ ಕೆಲಸ ಹತ್ತಿರ ಬಂದಿರುತ್ತದೆ.

ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು ಒಂದು ವರ್ಷದ ಆಸುಪಾಸಿನಲ್ಲಿ ನಡೆಯುತ್ತದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಭಾಷೆ ತೊಡಕಾದರೆ ನಮ್ಮ ಯುವಕರಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪ ಎಂದು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಯೇಸು ಉತ್ತರಿಸಿದರು. ಆ ತಾಯಿ ಭಾನುವಾರ ಮಗುವನ್ನೆತ್ತಿಕೊಂಡು ಪೂಜೆಗೆ ಬಂದಾಗ ನಾವು ಗ್ರಹಣದ ಮಾತು ತೆಗೆಯದೆ, ಮಗುವಿನ ಹೆಸರು ಕೇಳೋಣ.